ಮೀನಿಗೆ ಉಪವಾಸ

ಅದು ತೊಂಬತ್ತೆರಡನೆಯ ಇಸವಿ. ನಿಪ್ಪಾಣಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ನಿಂತಿದ್ದ ಹೆಂಗಸು, ಬಣ್ಣದ ಮೀನು ಮಾರುವ ಬಂದಗಿಸಾಬರನ್ನು ಕಂಡು ತಡೆದರು.

“ಸಾಬ್ರ, ನಮ್ಮ ಮಗಾ ಜಯಪಾಲನ ಮೀನಿನ ಪೆಟಗಿ ನೀರು ಮಬ್ಬಾಗೇತ್ರಿ. ಬಟ್ಟಿಲೆ ಸೋಸಿದ ನೀರ ಹಾಕೀನಿ, ಆದ್ರೂ ತಿಳಿ ಆಗವಲ್ದು.”

“ತಿನ್ನಾಕ ಎಷ್ಟ ಹಾಕತೀರಿ?”

“ಮಗಾ ತೀರಿಕೊಂಡಮ್ಯಾಲ ಮಾತಾಡಸಾಕ ಬಂದ ಬಸದಿ ಮಂದಿಯೆಲ್ಲಾ ಅವನ ಹೆಸರಲೆ ಪುಣ್ಯ ಅಂತ ಚುರಮುರಿ ಹಾಕತಾರ್ರಿ.”

“ಉಳದದ್ದು ಕೊಳೀತೈತ್ರಿ ಅಕ್ಕಾರ. ಸ್ವಲ್ಪ ನೀರ ಬದಲಿ ಮಾಡಿ, ನಾಕ ದಿನಾ ಏನೂ ಹಾಕಬ್ಯಾಡ್ರಿ.”

“ಬಂದವ್ರಿಗೆ ಬ್ಯಾಡ ಅಂತ ಹ್ಯಾಂಗ ಹೇಳ್ಲಿ?”

“ಮೀನ ಉಪವಾಸ ಅದಾವ ಅನ್ರಿ. ಉಪವಾಸ ಅಂದ್ರ ನಿಮ್ಮ ಜೈನ ಮಂದಿ ಒಪ್ಪತಾರ.”

ಆಕೆ ತಲೆಯಾಡಿಸಿದರು. ಸಾಬರು ಆಕೆಯ ಮುಖವನ್ನೇ ನೋಡಿದರು.

“ಮೀನಿಗೆ ಎಲ್ಲಾರೂ ಹಾಕಿದ್ರು. ನೀವು ಉಂಡೀರೇನ್ರಿ?”

ಚಿಕ್ಕೋಡಿ ಬಸ್ ಬಂತು. ಆಕೆ ಸೆರಗನ್ನು ಬಾಯಿಗೊತ್ತಿಕೊಂಡು ಹತ್ತಿಹೋದರು.