ಬೂರುಗದ ಮರದ ಹತ್ತಿರ ಹತ್ತಿದವಳು

"ಆಸ್ಪತ್ರೆಗೆ ಯಾವ ಕಡೆ ಹೋಗಬೇಕು?"

ಮುದುಕಿ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿದಳು.

ಯಾಮಿನಿ ಕಾರಿನ ಗಾಜನ್ನು ಪೂರ್ತಿ ಇಳಿಸಿದಳು. ರಸ್ತೆಯ ಮೇಲೆ ಬಾಗಿದ ದೊಡ್ಡ ಬೂರುಗದ ಮರ. ಬುಡದಲ್ಲಿ ಒಂದು ಬೀದಿ ನಲ್ಲಿ. ತೊಟ್… ತೊಟ್… ನಲ್ಲಿಯ ಪಕ್ಕ ಬುಟ್ಟಿ ಹಿಡಿದು ನಿಂತ ಮುದುಕಿ. ಅಷ್ಟು ಬಿಟ್ಟರೆ ಬರೀ ಕತ್ತಲು. ಫೋನಿನ ನಕ್ಷೆಯಲ್ಲಿ ಅವಳ ನೀಲಿ ಚುಕ್ಕಿ ಸಮುದ್ರದ ನಡುವೆ ಹೋಗಿ ನಿಂತಿತ್ತು.

"ಆಸ್ಪತ್ರೆ… ಎಲ್ಲಿ?"

"ಮೊದಲು ನಮಸ್ಕಾರ ಹೇಳು ಮಗಳೇ," ಅಂದಳಂತೆ ಮುದುಕಿ. "ಆಮೇಲೆ ದಾರಿ ಕೇಳು."

ಯಾಮಿನಿ ನನ್ನ ಚಿಕ್ಕಮ್ಮನ ಮಗಳು. ಹ್ಯಾಮಿಲ್ಟನ್ನಿನ ರೊಟೊಟೂನದಲ್ಲಿ ನನ್ನ ಮನೆಯಿಂದ ಮೂರು ಬೀದಿ ಆಚೆ ಇರುವವಳು. ನಗಬೇಡಿ. ಇದು ಅವಳಿಗೇ ಆದದ್ದು, ಕೊನೆಯ ಭಾಗವಂತೂ ನನ್ನ ಕಣ್ಣೆದುರೇ. ನಾನು ನಲವತ್ತೊಂದು ದೇಶ ಸುತ್ತಿದವಳು, ಮೂವತ್ತೊಂಬತ್ತರಲ್ಲಿ ದಾರಿ ತಪ್ಪಿದವಳು. ದೆವ್ವ ಅಂದರೆ ಅದಕ್ಕೆ ವೀಸಾ ಇದೆಯಾ ಅಂತ ಕೇಳುವ ಪೈಕಿ.

ಅವಳಿಗಿದ್ದವನು ಒಬ್ಬನೇ ಅಣ್ಣ, ಉದಯಶಂಕರ್. ಕೆರಿಬಿಯನ್‌ನ ಒಂದು ಅಂಗೈಯಗಲದ ದ್ವೀಪದಲ್ಲಿ ಸೋಲಾರ್ ಪಂಪು ಕೂರಿಸುವ ಕೆಲಸ. ಅಣ್ಣ ತಂಗಿಗೆ ಚಿಕ್ಕಂದಿನಿಂದ ಜಗಳವೇ. ಅಪ್ಪನ ಫಿಯೆಟ್ ಕಾರಿನಲ್ಲಿ ಹಿಂದಿನ ಸೀಟಿನ ಬಲಗಡೆ ಕಿಟಕಿ ಯಾರದು ಅಂತ ಶುರುವಾದದ್ದು, ಗೆಲ್ಲುತ್ತಿದ್ದವನು ಅವನೇ. ಅಪ್ಪನ ತಿಥಿಗೆ ಅವನು ಬರಲಿಲ್ಲ ಅನ್ನುವಲ್ಲಿಗೆ ಅದು ಮುಗಿಯಿತು. "ನನ್ನ ಪಾಲಿಗೆ ನೀನು ಇಲ್ಲ," ಅಂದು ಇವಳು ಫೋನಿಟ್ಟಳು. ಮೂರು ವರ್ಷ ಮಾತಿಲ್ಲ. ಆಮೇಲೊಂದು ದಿನ ಅಲ್ಲಿನ ನರ್ಸ್ ಫೋನು ಮಾಡಿದಳು. ಮೆದುಳಿನಲ್ಲಿ ರಕ್ತಸ್ರಾವ, ಹೆಚ್ಚು ಹೊತ್ತಿಲ್ಲ, ನಿಮ್ಮ ಹೆಸರೇ ಹೇಳುತ್ತಿದ್ದಾರೆ ಅಂತ.

ಆ ದ್ವೀಪಕ್ಕೆ ನಾನೊಮ್ಮೆ ಹೋಗಿದ್ದೆ. ಆಕ್ಲೆಂಡ್ ವಿಮಾನ ನಿಲ್ದಾಣದ ದಾರಿಯುದ್ದಕ್ಕೂ ಇವಳಿಗೆ ಪಾಠ ಹೇಳಿದೆ. "ನಮ್ಮ ಹಾಗೇ ಎಡಗಡೆ ಓಡಿಸ್ತಾರೆ. ತಿರುವಿಗೊಂದು ಹಾರ್ನ್ ಹೊಡಿ. ಕತ್ತಲಾದ್ಮೇಲೆ ವ್ಯಾನ್ ಬಸ್ಸು ಸಿಗಲ್ಲ, ಕಾರು ತಗೋ. ಬೋರ್ಡ್ ಹುಡುಕಬೇಡ, ಜನರನ್ನ ಕೇಳು. ಯಾರಾದ್ರೂ ಹತ್ತಿಸ್ಕೋ ಅಂದ್ರೆ ಹತ್ತಿಸ್ಕೋ, ಅಲ್ಲಿ ಅದೇ ಪದ್ಧತಿ. ಇಳಿಯೋ ಜಾಗ ಬಂದ್ರೆ ಅವರೇ ಮೇಲಿನ ತಗಡಿಗೆ ತಟ್ತಾರೆ, ನಿಲ್ಲಿಸಿದ್ರಾಯ್ತು."

ಎಷ್ಟು ಸಲ ತಟ್ಟುತ್ತಾರೆ ಅಂತ ಹೇಳಲಿಲ್ಲ. ಅದೂ ಹೇಳಬೇಕಾದ ವಿಷಯ ಅಂತ ನನಗೆ ಹೊಳೆಯಲೇ ಇಲ್ಲ.

ಸರಿ. ಬೂರುಗದ ಮರದ ಕೆಳಗೆ ಯಾಮಿನಿ ನಮಸ್ಕಾರ ಹೇಳಿದಳು.

"ನಾನೂ ಆ ಕಡೆಯವಳೇ," ಅಂದಳು ಮುದುಕಿ. "ಹತ್ತಿಸ್ಕೋ. ನಾನು ತಟ್ಟಿದಲ್ಲಿ ನಿಲ್ಲಿಸು. ನಿನ್ನ ಆಸ್ಪತ್ರೆಯೂ ಅಲ್ಲೇ."

ಹಿಂದಿನ ಬಾಗಿಲು ತೆರೆದ ಸದ್ದು. ಮುಚ್ಚಿದ ಸದ್ದು. ಕಾರು ಹೊರಟಿತು. ಹಿಂದೆ ಬುಟ್ಟಿಯಲ್ಲಿ ಒಣ ಜಾಯಿಕಾಯಿ; ಕುಲುಕಿದಾಗಲೆಲ್ಲ ಚಿಪ್ಪಿನೊಳಗೆ ಕಾಯಿ ಉರುಳುತ್ತಿತ್ತು. ಗಲ… ಗಲ… ಗಲ…

"ಅಣ್ಣ ಇರ್ತಾನಾ ಅಜ್ಜಿ?"

"ಬೇಗ ಹೋಗು."

ಅಷ್ಟೇ ಮಾತು.

ಐದು ತಿರುವು. ಆರು. ಏಳನೆಯದರಲ್ಲಿ ಒಂದು ಕಲ್ಲಿನ ಕಮಾನು ಕಂಡಿತು. ಆಗ ನೆತ್ತಿಯ ಮೇಲೆ, ಕಾರಿನ ತಗಡಿಗೆ ಬೆರಳಗೆಣ್ಣಿನಿಂದ ಬಡಿದ ಹಾಗೆ…

ಟಕ್. ಟಕ್.

ಯಾಮಿನಿ ಕನ್ನಡಿ ನೋಡಿದಳು. ಹಿಂದಿನ ಸೀಟು ಖಾಲಿ.

ಖಾಲಿ, ಆದರೆ ಜಾಯಿಕಾಯಿ ಉರುಳುತ್ತಲೇ ಇತ್ತು.

ಮೈಸೂರಿನಲ್ಲಿ ನಮ್ಮಜ್ಜಿ ನಮಗಿಬ್ಬರಿಗೂ ಒಂದು ಮಾತು ಹೇಳಿಕೊಟ್ಟಿದ್ದಳು. ರಾತ್ರಿ ಹೊತ್ತು ಯಾರೇ ಕೂಗಲಿ, ಬಾಗಿಲು ಬಡಿಯಲಿ, ಮೂರು ಸಲ ಆಗುವವರೆಗೆ ಓಗೊಡಬೇಡಿ. ಮನುಷ್ಯರಾದರೆ ಮೂರನೇ ಸಲ ಬಡಿದೇ ಬಡಿಯುತ್ತಾರೆ. ಮನುಷ್ಯರಲ್ಲದ್ದಕ್ಕೆ ಮೂರು ಬಡಿಯಲು ಬರುವುದಿಲ್ಲ.

ಯಾಮಿನಿ ಮೂರನೆಯದಕ್ಕೆ ಕಾದಳು. ಕಾಲು ಬ್ರೇಕಿನ ಮೇಲೇ ಇತ್ತಂತೆ, ಒತ್ತಲಿಲ್ಲ. ಕಮಾನು ಹಿಂದೆ ಹೋಯಿತು.

ಆ ದ್ವೀಪದಲ್ಲಿ ಯಾರೂ ಎರಡಕ್ಕಿಂತ ಹೆಚ್ಚು ಸಲ ತಟ್ಟುವುದಿಲ್ಲ. ನನಗೆ ಗೊತ್ತಿತ್ತು.

ರಸ್ತೆ ಹೋಗಿ ಒಂದು ಹಳೆಯ ಜೆಟ್ಟಿಯಲ್ಲಿ ಮುಗಿಯಿತು. ಬಲೆ ಸುತ್ತುತ್ತಿದ್ದ ಬೆಸ್ತನೊಬ್ಬ ಹೇಳಿದ, "ಆಸ್ಪತ್ರೆಯಾ? ಹಿಂದೆ ಹೋಗಿ. ಕಲ್ಲಿನ ಕಮಾನಿನ ಒಳಗೆ." ಹೋಗಿ ಬರುವಷ್ಟರಲ್ಲಿ ಮುಕ್ಕಾಲು ಗಂಟೆ.

ಅಣ್ಣನ ಕೈ ಇನ್ನೂ ಬೆಚ್ಚಗಿತ್ತು. ನರ್ಸ್ ಕಿಟಕಿ ತೆರೆಯುತ್ತಿದ್ದಳು. "ಹೋಗಿ ಹತ್ತು ನಿಮಿಷ ಆಯ್ತು. ಅದಕ್ಕೂ ಮುಂಚೆ ಒಂದು ಕಾರಿನ ಸದ್ದು ಕೇಳಿ ಬಾಗಿಲು ನೋಡಿದರು. ಕಾರು ನಿಲ್ಲಲಿಲ್ಲ."

ಇದನ್ನು ಯಾಮಿನಿ ನನಗೆ ಹೇಳಿದ್ದು ವಾಪಸು ಬಂದ ಎರಡು ತಿಂಗಳ ಮೇಲೆ. ಅಷ್ಟರಲ್ಲಿ ಅವಳ ಕೆಲಸ ಹೋಗಿತ್ತು. ದಿನಾ ರಾತ್ರಿ ಹತ್ತಕ್ಕೆ ಕಾರು ತೆಗೆದರೆ ಮೂರಕ್ಕೆ ಮನೆಗೆ. ಎಲ್ಲಿಗೆ ಅಂದರೆ ಎಲ್ಲಿಗೂ ಅಲ್ಲ. ಕಣ್ಣಿನ ಕೆಳಗೆ ಮಸಿ. ಎರಡು ಸಲ ಸ್ಟೇರಿಂಗ್ ಮೇಲೇ ನಿದ್ದೆ ಹೋಗಿ ಬೇಲಿಗೆ ಗುದ್ದಿದ್ದಳು. ಇನ್ನೊಂದು ಸಲ ಆದರೆ ಇವಳೂ ಇರುವುದಿಲ್ಲ ಅನ್ನಿಸಿತು ನನಗೆ.

"ನನ್ನ ಜೊತೆ ಬಾ ಅಕ್ಕ," ಅಂದಳು. "ಕೇಳಿಸತ್ತಾ ನೋಡು."

ಹೋದೆ. ಗಾರ್ಡನ್‌ಟನ್ ಕಡೆಯ ರಸ್ತೆ. ವೈಕಾಟೊದ ಮಂಜು ನಿಮಗೆ ಗೊತ್ತಲ್ಲ, ಹಸುಗಳು ಕಾಣುವುದಿಲ್ಲ, ಉಸಿರು ಮಾತ್ರ ಕೇಳುತ್ತದೆ. ಏಳನೇ ತಿರುವಿನಲ್ಲಿ…

ಟಕ್. ಟಕ್.

ನನ್ನ ತಲೆಯ ಮೇಲಿನ ತಗಡು. ಆಮೇಲೆ ಹಿಂದಿನಿಂದ ಮೆಲ್ಲಗೆ, ಗಲ… ಗಲ…

"ಒಂದು ಸೇಬು ತಂದ್ರೂ ದಂಡ ಹಾಕೋ ದೇಶ ಇದು," ಅಂದೆ. "ಒಂದು ಬುಟ್ಟಿ ಜಾಯಿಕಾಯಿ ಹೇಗೆ ಬಿಟ್ರೋ!"

ಅವಳು ನಗಲಿಲ್ಲ.

"ನಿಲ್ಲಿಸೇ."

"ಇಲ್ಲ."

"ಯಾಮಿನಿ, ಅವಳು ಇಳೀಬೇಕಂತೆ. ನಿಲ್ಲಿಸು."

"ನಿಲ್ಲಿಸಿದ್ರೆ ಇಳಿದುಬಿಡ್ತಾಳೆ ಅಕ್ಕ." ಪಿಸುಮಾತು. "ಅವಳು ತಟ್ತಾ ಇರೋ ತನಕ ನಾನಿನ್ನೂ ದಾರೀಲಿದ್ದೀನಿ. ಅಣ್ಣ ಇನ್ನೂ ಬಾಗಿಲು ನೋಡ್ತಾ ಇದ್ದಾನೆ. ಗೊತ್ತಾಯ್ತಾ? ಮೂರನೇದು ಬರಲಿ. ಬಂದ್ರೆ ನಿಲ್ಲಿಸ್ತೀನಿ."

ಮೂರನೆಯದು ಬರುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು.

ಹಿಂತಿರುಗಿ ಅದೇ ರಸ್ತೆ. ಮತ್ತೆ ಏಳು ತಿರುವು. ಮತ್ತೆ ಟಕ್, ಟಕ್. ಅವಳ ರೆಪ್ಪೆ ಮುಚ್ಚುತ್ತಿತ್ತು. ಕಾರು ನಡುಗೆರೆ ದಾಟಿ ಹೋಗಿ ಈಚೆ ಬಂತು. ಎದುರು ಹಾಲಿನ ಟ್ಯಾಂಕರ್ ಹಾರ್ನ್ ಹೊಡೆದುಕೊಂಡು ಹೋಯಿತು. ನಾನು ಮುಂದಿನ ಸುತ್ತಿಗೆ ಕಾದೆ. ಏಳನೇ ತಿರುವು ಬಂತು.

ಟಕ್. ಟಕ್.

ನಾನು ಕೈ ಎತ್ತಿದೆ. ಬೆರಳಗೆಣ್ಣು ಮಡಿಸಿ ನೆತ್ತಿಯ ತಗಡಿಗೆ ಬಡಿದೆ.

ಟಕ್.

ಆಕ್ಲೆಂಡ್ ದಾರಿಯಲ್ಲಿ ಹೇಳದೇ ಉಳಿಸಿಕೊಂಡದ್ದು ಅದೊಂದು. ಅವಳಿಗೆ ನಾನು ಕೊಡಬೇಕಾಗಿದ್ದ ಸಾಲ.

ಯಾಮಿನಿ ನನ್ನ ಕೈ ನೋಡಿದಳು. ನನ್ನ ಮುಖ ನೋಡಿದಳು. ಬೈಯಲಿಲ್ಲ. ಇಂಡಿಕೇಟರ್ ಹಾಕಿದಳು, ಟಿಕ್ ಟಿಕ್ ಟಿಕ್, ಆ ನಿರ್ಜನ ರಸ್ತೆಯಲ್ಲಿ. ಬೇಲಿಯ ಪಕ್ಕ ಕಾರು ನಿಂತಿತು.

ನಾನು ಇಳಿದೆ. ಹುಲ್ಲಿನ ಕಡೆಯ, ಅಂದರೆ ಎಡಗಡೆಯ ಹಿಂದಿನ ಬಾಗಿಲು ತೆರೆದು ಹಿಡಿದೆ. ಏನು ಮಾತಾಡಬೇಕೋ ಗೊತ್ತಾಗದೆ "ನಮಸ್ಕಾರ" ಅಂದೆ. ಕಾರಿನ ಸ್ಪ್ರಿಂಗು ಒಂದು ಸಲ ಕಿರ್ರೆಂದು ಮೇಲೆದ್ದಿತು. ನನ್ನ ಸೊಂಟದ ಪಕ್ಕದಲ್ಲೇ ಗಲ… ಗಲ… ಬೇಲಿ ದಾಟಿ ಮಂಜಿನೊಳಗೆ ಹೋಯಿತು. ಅವಳ ಊರು ಭೂಮಿಯ ಆಚೆ ಬದಿಯಲ್ಲಿ. ಇಲ್ಲಿಂದ ಅವಳಿಗೆ ಬಸ್ಸಿಲ್ಲ.

ಕಾರಿನ ಸ್ಪ್ರಿಂಗು ಇನ್ನೊಂದು ಸಲ ಕಿರ್ರೆಂದಿತು.

"ಇಳಿದ್ಲಾ?" ಯಾಮಿನಿ ಕೇಳಿದಳು. ಎರಡು ಕೈಯೂ ಸ್ಟೇರಿಂಗ್ ಮೇಲೇ ಇದ್ದವು. ಸೀಟ್ ಬೆಲ್ಟ್ ಹಾಕೇ ಇತ್ತು.

"ಇಳಿದ್ಲು."

ಅವಳು ಹಣೆಯನ್ನು ಸ್ಟೇರಿಂಗಿಗೆ ಒತ್ತಿ, ಎರಡು ತಿಂಗಳಲ್ಲಿ ಮೊದಲ ಸಲ ಅತ್ತಳು. "ಹೋದ, ಅಕ್ಕ. ಅಣ್ಣ ಈಗ ಹೋದ."

ಆಮೇಲೆ ಯಾವತ್ತೂ ತಟ್ಟಿದ ಸದ್ದಿಲ್ಲ. ಅವಳಿಗೆ ನಿದ್ದೆ ಬರುತ್ತಿದೆ. ಅದು ಬಿಟ್ಟರೆ ಮತ್ತೇನೂ ಬರುತ್ತಿಲ್ಲ, ಹಸಿವಾಗಲಿ, ನಗುವಾಗಲಿ. ನಾನು ಮಾಡಿದ್ದು ಸರಿಯಾ ಅಂತ ಕೇಳಬೇಡಿ.

ಒಂದು ಮಾತ್ರ ಹೇಳುತ್ತೇನೆ, ನಂಬಿ, ಇಲ್ಲವೇ ಬಿಡಿ. ಆ ರಾತ್ರಿ ಕುಡಿದಿರಲಿಲ್ಲ, ಕನಸಲ್ಲ, ನಾನೇ ಕಣ್ಣಾರೆ ಕಂಡದ್ದು. ಎಡಗಡೆ ಬಾಗಿಲು ಮುಚ್ಚಿ, ಇನ್ನು ನಾನೇ ಓಡಿಸೋಣ, ಅವಳನ್ನು ಇಳಿಸಿ ಎಡಗಡೆ ಸೀಟಿನಲ್ಲಿ ಕೂರಿಸೋಣ ಅಂತ ಕಾರು ಸುತ್ತಿ ಬಂದೆ.

ಹಿಂದಿನ ಸೀಟಿನ ಬಲಗಡೆ, ಆ ಜಗಳದ ಕಿಟಕಿಯ ಬಾಗಿಲೂ ತೆರೆದಿತ್ತು.