ಗಂಗೆಯ ತಂಬಿಗೆ

ತೊಂಬತ್ತನಾಲ್ಕರ ಡಿಸೆಂಬರ್. ಕೆ.ಆರ್. ಪೇಟೆ ಬಸ್ ಸ್ಟ್ಯಾಂಡಿನಲ್ಲಿ ನಾಗಮಂಗಲದ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಲ್ಲುಬೆಂಚಿನ ಮೇಲೆ ಇಬ್ಬರು ವಾರಗಿತ್ತಿಯರು. ಹಿರಿಯಾಕೆ ತಾಯಮ್ಮ ಆಗಷ್ಟೇ ಕಾಶಿಯಿಂದ ಬಂದಿಳಿದಿದ್ದರು. ಮಡಿಲಲ್ಲಿ ಬಾಯಿಗೆ ಬೆಸುಗೆ ಹಾಕಿದ ಗಂಗೆಯ ತಾಮ್ರದ ತಂಬಿಗೆ. ಅದನ್ನು ಕಂಡ ಹೂ ಮಾರುವವಳು ಬಂದು ಅವರ ಕಾಲಿಗೆ ಬಿದ್ದು ಹೋದಳು. ಅವರನ್ನು ಊರಿಗೆ ಕರೆದೊಯ್ಯಲು ಬಂದಿದ್ದ ಕಿರಿಯಾಕೆ ಬೆಟ್ಟಮ್ಮ ಮುಖ ತಿರುಗಿಸಿಕೊಂಡಳು.

“ಊರಿಗೋದ್ರೆ ಇನ್ನೆಷ್ಟ್ ಜನ ಬೀಳ್ತಾರೋ ನಿನ್ ಕಾಲ್ಗೆ. ಕಾಶೀಲಿ ಏನ್ ಬುಟ್ಟು ಬಂದೆ?”

“ಪಡವಲಕಾಯಿ ಕಣವ್ವ. ಇನ್ಮ್ಯಾಕೆ ತಿನ್ನಂಗಿಲ್ಲ.”

“ನೀನು ಪಡವಲಕಾಯಿ ಯಾವತ್ತಕ್ಕ ತಿಂದಿದ್ದೆ? ಕಾಶಿಗೋದೋರು ಇಷ್ಟವಾದದ್ದು ಬುಡ್ಬೇಕು. ಅವರೆಕಾಯಿ ಬುಡ್ಬೇಕಿತ್ತು.”

“ಅವರೆಕಾಯಿ ಬುಟ್ಟು ಬದುಕಕ್ಕಾದದಾ?”

“ನಾನಾಗಿದ್ರೆ ಬುಡ್ತಿದ್ದೆ. ನನ್ನ ಯಾರು ಕರ್ಕೊಂಡೋಯ್ತಾರೆ? ಪುಣ್ಯ ಎಲ್ಲ ನಿಂಗೇ.”

“ಪುಣ್ಯಕ್ಕಲ್ಲ ಕಣೆ ಓಗಿದ್ದು, ಅರಕೆ ತೀರ್ಸಕ್ಕೆ. ನೀನು ಎರಿಗೇಲಿ ಮೂರ್ ದಿನ ಮಾತಿಲ್ದೆ ಬಿದ್ದಿದ್ದಾಗ ಒತ್ಕೊಂಡಿದ್ದೆ. ಇವಳು ಬದುಕ್ಲಿ, ಕಾಶಿಗ್ ಬತ್ತೀನಿ ಅಂತ.”

ಸಿಂಧಘಟ್ಟದ ಬಸ್ಸು ಬಂತು.

“ಬದುಕಿದ್ದು ನಾನು. ಕಾಶಿ ನೋಡಿದ್ದು ನೀನು!” ಎಂದವಳೇ ಬೆಟ್ಟಮ್ಮ ತಂಬಿಗೆ ಕಿತ್ತುಕೊಂಡು ಮೊದಲು ಬಸ್ಸು ಹತ್ತಿದಳು. ಮುಂದಿನ ಸೀಟಿನಲ್ಲಿ, ಎಲ್ಲರಿಗೂ ಕಾಣುವಂತೆ, ಅದನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಳು. ತಾಯಮ್ಮ ಗಂಟುಮೂಟೆ ಹೊತ್ತು ಹಿಂದಿನಿಂದ ಹತ್ತಿದರು.

ಕಿಟಕಿಯಲ್ಲಿ ಕಂಡಿತು: ಕಂಡಕ್ಟರು ಬಗ್ಗಿ ಬೆಟ್ಟಮ್ಮನ ಕಾಲು ಮುಟ್ಟಿದ. ಅವಳು ಬೇಡ ಎನ್ನಲಿಲ್ಲ. ಬಸ್ಸು ಹೊರಟಿತು.