ಹಸಿ ಕಲ್ಲಿನ ಆನೆ

ಜಾಫಾಲಿ ಮತೋಲಾ, ವಯಸ್ಸು ಇಪ್ಪತ್ತಮೂರು, ಕೆಲಸ ಶಿಲ್ಪಗಳನ್ನು ಉಜ್ಜಿ ಹೊಳಪು ಕೊಡುವುದು, ಹುಟ್ಟೂರು ಮಲಾವಿಯ ಮಂಗೋಚಿ, ಸದ್ಯ ವಾಸ ಚಿಟುಂಗ್ವಿಜಾದಲ್ಲಿ ಬೆನ್ಸನ್ ಚಿಪಾಂಗಾ ಅವರ ಶಿಲ್ಪದಂಗಳದ ಹಿಂದಿನ ಕೊಟ್ಟಿಗೆ. ಆನೆ ಶಿಲ್ಪ ಒಡೆದ ವಿಚಾರವಾಗಿ ಈ ಮೂಲಕ ತಿಳಿಸುವುದೇನೆಂದರೆ:

ನಮ್ಮ ಅಂಗಳದ ಶಿಲ್ಪಿ ಲೇವಿ ಮಜಿಂದು ತಾತ ನಲವತ್ತು ವರ್ಷಗಳಿಂದ ಕಾಡುಪ್ರಾಣಿಗಳನ್ನು ಕೆತ್ತುತ್ತಿದ್ದಾರೆ. ಕಣ್ಣಾರೆ ಕಾಣದ್ದನ್ನು ಕೆತ್ತುವುದಿಲ್ಲ. ನಿಂತ ಸಿಂಹವನ್ನು ಅವರು ಕಂಡಿಲ್ಲ, ಆದ್ದರಿಂದ ಅವರ ಸಿಂಹಗಳೆಲ್ಲ ಮಲಗಿಯೇ ಇವೆ. ಅವರದು ಆನೆ ಕುಲ, ಅಂದರೆ ಆನೆಯೇ ಅವರ ಕುಲದ ಗುರುತು. ಅದಕ್ಕೇ ಅಂಗಳದಲ್ಲಿ ಎಲ್ಲರೂ ಅವರನ್ನು ದಂತದೊಡೆಯ ಎಂದೇ ಕರೆಯುತ್ತೇವೆ.

ಮಂಗಳವಾರ ಚಿಪಾಂಗಾ ಅವರು ಎಲ್ಲರೆದುರು, "ದಂತದೊಡೆಯಾ, ಕೈ ನಡುಗ್ತಿದೆ. ಈ ಆನೆ ಮುಗಿಸಿ ಸಾಕು. ಇನ್ಮೇಲೆ ಕೀಚೈನಿಗೆ ಆಮೆ ಮಾಡ್ಕೊಂಡಿರಿ" ಎಂದರು. ತಾತ, "ಆಮೇನ ನಿನ್ನ ನೋಡ್ಕೊಂಡೇ ಕೆತ್ತಬಹುದು ಬಿಡು" ಎಂದರು. ಎಲ್ಲರೂ ನಕ್ಕೆವು, ಚಿಪಾಂಗಾ ಅವರು ನಗಲಿಲ್ಲ.

ಗುರುವಾರ ಸಂಜೆಯವರೆಗೆ ನಾನು ಒಂದೇ ಕಲ್ಲಿನ ಆ ಆನೆ ಮತ್ತು ಮರಿಯನ್ನು ನೀರು ಹಾಕಿ ಮರಳುಕಾಗದದಿಂದ ಉಜ್ಜಿದೆ. ಹೀಗೆ ಉಜ್ಜಿದ ಕಲ್ಲು ಮೂರು ದಿನ ಬಿಸಿಲಲ್ಲಿ ಒಣಗಬೇಕು. ಬಳಿಕ ಕೆತ್ತಿದವರು ಅದಕ್ಕೆ ಕೆನ್ನೆ ಒತ್ತಿ ನೋಡಿ, ಒಣಗಿದೆ ಎಂದರೆ ಮಾತ್ರ ಬೆಂಕಿಯಲ್ಲಿ ಕಾಯಿಸಿ ಮೇಣ ಹಚ್ಚುತ್ತೇವೆ. ಒಳಗೆ ಹಸಿ ಇದ್ದರೆ ಕಲ್ಲು ಸಿಡಿಯುತ್ತದೆ.

ಶುಕ್ರವಾರ ಬೆಳಿಗ್ಗೆ ನಾನು ನೀರು ತರುವಷ್ಟರಲ್ಲಿ ತಾತ ಆನೆಯ ಸುತ್ತ ಬೆಂಕಿ ಹಾಕಿದ್ದರು. "ತಾತ, ನಿನ್ನೆ ತಾನೇ ತೊಳ್ದಿದ್ದು!" ಎಂದೆ. "ಸೋಮವಾರ ತೊಳ್ದಿದ್ದು ಕಣೋ. ಕೆನ್ನೆ ಒತ್ತಿ ನೋಡಿದೀನಿ. ನನಗೆ ಕಲ್ಲು ಕಲಿಸ್ತೀಯಾ, ಮಲಾವಿ ಹೈದ?" ಎಂದರು. ತಮಾಷೆ ಎಂದುಕೊಂಡು ಬಕೆಟ್ ಕೆಳಗಿಟ್ಟೆ. ಅಷ್ಟರಲ್ಲಿ ಕಲ್ಲು ಸಿಡಿಯಿತು. ಆನೆಯ ತಲೆ ಬೇರೆಯಾಯಿತು, ಮರಿ ಚೂರಾಯಿತು, ಚೂರು ತಾಗಿ ತಾತನ ಕಿವಿ ಹರಿಯಿತು. ಅವರು ಕಿವಿ ಮುಟ್ಟಿಕೊಳ್ಳಲಿಲ್ಲ. ಒಡೆದ ಮೈಯೊಳಗೆ ಕೈಯಿಟ್ಟು, "ಹಸಿ ಇದೆಯಲ್ಲೋ" ಎಂದರು. ಎರಡು ಸಲ ಅಂದರು.

ಸದ್ದು ಕೇಳಿ ಬಂದ ಚಿಪಾಂಗಾ ಅವರು, ಆಮೆಯ ಮಾತಿನ ಸಿಟ್ಟಿಗೆ ಒಡೆದೆಯಾ ಎಂದು ಕೂಗಾಡಿದರು. ತಾತ ಎದ್ದು ನಿಂತು, "ಹೌದಪ್ಪಾ, ಬೇಕಂತ್ಲೇ ಒಡೆದೆ. ಏನ್ ಮಾಡ್ಕೋತೀಯೋ ಮಾಡ್ಕೋ" ಎಂದರು. ಚಿಪಾಂಗಾ ಅವರ ದೂರಿನ ಮೇಲೆ ಪೊಲೀಸರು ತಾತನನ್ನೂ ಸಾಕ್ಷಿಯಾಗಿ ನನ್ನನ್ನೂ ಠಾಣೆಗೆ ಕರೆತಂದರು.

ಹೊರಗೆ ಬೆಂಚಿನ ಮೇಲೆ ತಾತ ನನ್ನ ತೋಳು ಹಿಡಿದು, ಬೇಕೆಂದೇ ಒಡೆದದ್ದೆಂದು ನಾನೂ ಹೇಳಬೇಕು ಎಂದರು. ಜೈಲಿಗೆ ಹಾಕುತ್ತಾರೆ ಎಂದೆ. "ಹಾಕ್ಲಿ ಬಿಡೋ. ಜೈಲಲ್ಲೂ ನಾನು ಶಿಲ್ಪಿ ಮಜಿಂದೂನೇ. ಹಸಿ ಯಾವುದು, ಒಣಗಿದ್ದು ಯಾವುದು ಅಂತ ಗೊತ್ತಾಗದವನನ್ನ ಏನಂತ ಕರೀತಾರೆ, ಹೇಳು?" ಎಂದರು.

ಅವರು ಬೇಕೆಂದು ಒಡೆದಿಲ್ಲ. ಕಲ್ಲು ತೊಳೆದ ದಿನವೇ ಅವರಿಗೆ ಮರೆತಿತ್ತು. ಕೆನ್ನೆ ಒತ್ತಿ ನೋಡಿದ್ದು ನಿಜ, ಆದರೆ ಆ ಕೆನ್ನೆಗೆ ಈಗ ಏನೂ ತಿಳಿಯುವುದಿಲ್ಲ. ದಯವಿಟ್ಟು ಅವರನ್ನು ಮನೆಗೆ ಬಿಡಬೇಕು.

ಈ ಹೇಳಿಕೆಯನ್ನು ಠಾಣೆಯ ಸಾಹೇಬರು ಬಾಗಿಲು ತೆರೆದಿಟ್ಟೇ ನನಗೆ ಗಟ್ಟಿಯಾಗಿ ಓದಿ ಹೇಳಿದರು. ಬೆಂಚಿನಿಂದ ತಾತ ಎಲ್ಲವನ್ನೂ ಕೇಳಿಸಿಕೊಂಡರು. ತಿದ್ದುವುದೇನಾದರೂ ಇದೆಯೇ ಎಂದು ನನ್ನನ್ನು ಕೇಳಿದರು. ತಾತ ನನ್ನನ್ನೇ ನೋಡುತ್ತಿದ್ದರು. ಏನೂ ಇಲ್ಲ ಎಂದೆ.

ಮೇಲೆ ಬರೆದದ್ದೆಲ್ಲ ನಾನು ಕಂಡು ಕೇಳಿದ್ದೇ, ನಿಜವೇ ಎಂದು ಒಪ್ಪಿ ಸಹಿ ಮಾಡಿದ್ದೇನೆ.

ಸ್ಥಳ: ಚಿಟುಂಗ್ವಿಜಾ ಠಾಣೆ
ದಿನಾಂಕ: 14 ಜೂನ್, ಶುಕ್ರವಾರ
ಸಹಿ: ಜಾಫಾಲಿ ಮತೋಲಾ